ಢಮ್ ಅಂದರೂ ಬೀಳದ ಊರು

“ಢಮ್!”

ಚಿನತ್ಸು ಎರಡು ಬೆರಳನ್ನು ಪಿಸ್ತೂಲಿನ ಹಾಗೆ ಮುಂದೆ ಚಾಚಿ ಗುಂಡು ಹೊಡೆದಳು. ನಾಲ್ಕನೆಯ ಕ್ಲಾಸಿನ ಮಕ್ಕಳೆಲ್ಲ ಅವಳನ್ನೇ ನೋಡಿದರು. ಯಾರೂ ಬೀಳಲಿಲ್ಲ. ಯಾರೂ ಎದೆ ಹಿಡಿದುಕೊಳ್ಳಲಿಲ್ಲ. ಒಬ್ಬ ಹುಡುಗ ಮಾತ್ರ ಹಿಂದಿನ ಗೋಡೆಯ ಮೇಲೆ ಏನಾದರೂ ಇದೆಯೇ ಎಂದು ತಿರುಗಿ ನೋಡಿದ.

“ಬೀಳ್ರಲೇ! ಗುಂಡು ಬಡದೈತಿ ನಿಮಗ!”

ಮುಂದಿನ ಸಾಲಿನ ಸುಮಿರೆ ಕೈ ಎತ್ತಿದಳು. ಅವಳು ಕ್ಲಾಸ್ ಲೀಡರ್. ಏನು ಹೇಳುವುದಿದ್ದರೂ ಮೊದಲು ಕೈ ಎತ್ತುವುದು ಅವಳ ಅಭ್ಯಾಸ.

“ಒಂದ್ ಡೌಟು. ನಮ್ಮನ್ನ ಯಾಕೆ ಹೊಡೆದೆ? ನಾವೇನ್ ಮಾಡಿದ್ವಿ?”

ಒಸಾಕಾದಲ್ಲಿ, ಕನಿಷ್ಠ ಚಿನತ್ಸುವಿನ ಓಣಿಯಲ್ಲಿ, ಹೀಗೆ ಯಾರೂ ಕೇಳುತ್ತಿರಲಿಲ್ಲ. ಢಮ್ ಅಂದರೆ ಬೀಳಬೇಕು, ಅಷ್ಟೆ. ತರಕಾರಿ ಅಂಗಡಿಯವನು ಮೂಲಂಗಿ ಹಿಡಿದುಕೊಂಡೇ ಬೀಳುತ್ತಿದ್ದ. ಪೋಸ್ಟ್‌ಮನ್ ಸೈಕಲ್ಲಿಗೆ ಒರಗಿ, “ಅಯ್ಯೋ, ಮನ್ಯಾಗ ಹೇಳ್ರಪ್ಪೋ, ನಾ ಇನ್ನ ಬರಂಗಿಲ್ಲ” ಎಂದು ನಾಲಗೆ ಹೊರಗೆ ಹಾಕುತ್ತಿದ್ದ. ಆಮೇಲೆ ಎದ್ದು ಕಾಗದ ಕೊಡುತ್ತಿದ್ದ.

ಏಪ್ರಿಲಿನಲ್ಲಿ ಅಪ್ಪನಿಗೆ ಟೋಕಿಯೊಗೆ ವರ್ಗವಾಗಿತ್ತು. ಹೊರಡುವ ಮೊದಲೇ ಒಂದು ಒಪ್ಪಂದವಾಗಿತ್ತು. ಜುಲೈ ರಜೆಯವರೆಗೆ ನೋಡುವುದು. ಚಿನತ್ಸುಗೆ ಊರು ಹಿಡಿಸದಿದ್ದರೆ ಅವಳೂ ಅವ್ವನೂ ಒಸಾಕಾಕ್ಕೆ ವಾಪಸ್. ಅಪ್ಪ ಒಬ್ಬನೇ ಟೋಕಿಯೊದಲ್ಲಿ ಇರುವುದು, ತಿಂಗಳಿಗೊಮ್ಮೆ ಬಂದು ಹೋಗುವುದು.

ಊರು ಹಿಡಿಸುವ ಲಕ್ಷಣ ಕಾಣಲಿಲ್ಲ. ಒಸಾಕಾದ ಎಸ್ಕಲೇಟರಿನಲ್ಲಿ ಬಲಕ್ಕೆ ನಿಲ್ಲುತ್ತಾರೆ, ಎಡಗಡೆ ನಡೆಯುವವರಿಗೆ. ಟೋಕಿಯೊದಲ್ಲಿ ಎಡಕ್ಕೆ ನಿಲ್ಲುತ್ತಾರೆ. ಚಿನತ್ಸು ಹಟಕ್ಕೆ ಬಿದ್ದು ಬಲಕ್ಕೇ ನಿಲ್ಲುತ್ತಿದ್ದಳು. ಅವಳ ಹಿಂದೆ ಸಾಲು ಬೆಳೆಯುತ್ತಿತ್ತು. ಯಾರೂ ಬೈಯುತ್ತಿರಲಿಲ್ಲ, ಮೆಲ್ಲಗೆ ಕೆಮ್ಮುತ್ತಿದ್ದರು. ಬೈದಿದ್ದರೆ ಎಷ್ಟೋ ವಾಸಿ ಎನಿಸುತ್ತಿತ್ತು ಅವಳಿಗೆ.

ಕ್ಲಾಸಿನಲ್ಲಿ ಯಾರೂ ಬೀಳದ ಆ ದಿನ ಸಂಜೆ ಉದೋನ್ ಅಂಗಡಿಯಲ್ಲಿ ಶಾವಿಗೆಯ ಬಟ್ಟಲು ಮುಂದೆ ಬಂದಾಗ ಚಿನತ್ಸು ಬಗ್ಗಿ ನೋಡಿದಳು. ಸಾರು ಕಪ್ಪಗಿತ್ತು.

“ಇದು ಸಾರೋ, ಮಸೀನೋ? ಒಸಾಕಾದಾಗ ಬಟ್ಟಲದ ತಳ ಕಾಣತಿತ್ತು.”

“ಸಾರು ಕುಡ್ಯಾಕ ಇರತೈತಿ, ತಳ ನೋಡಾಕಲ್ಲ. ತಿನ್ನು ಸುಮ್ನ,” ಎಂದಳು ಅವ್ವ.

“ಇಲ್ಲಿ ಯಾರೂ ಬೀಳಂಗಿಲ್ಲಪ್ಪಾ. ಇಂಥಾ ಊರಾಗ ಹೆಂಗಿರೂದು?”

ಅಪ್ಪ ಚಾಪ್‌ಸ್ಟಿಕ್ ಕೆಳಗಿಟ್ಟ. “ಒಬ್ಬರರ ಬಿದ್ರ ಇರ್ತೀಯೇನು?”

ಚಿನತ್ಸು ಯೋಚಿಸಿದಳು. “ಒಬ್ಬರರ ಬಿದ್ರ ಇರ್ತೀನಿ. ಆದ್ರ ಅವರು ಟೋಕಿಯೊದವ್ರ ಆಗಿರಬೇಕು.”

ಎರಡು ದಿನ ಬಿಟ್ಟು ಚಿನತ್ಸು ಸ್ಕೂಲಿನಿಂದ ಬಂದಾಗ ಕೆಳಗಿನ ಮನೆಯ ಕುಮಗಾಯಿ ಅಜ್ಜ ಲಿಫ್ಟಿನ ಮುಂದೆ ನಿಂತಿದ್ದರು. ಅವಳನ್ನು ಕಂಡೊಡನೆ ನೆಲಕ್ಕೆ ನ್ಯೂಸ್‌ಪೇಪರ್ ಹಾಸಿದರು. ಕನ್ನಡಕ ತೆಗೆದು ಜೇಬಿಗೆ ಹಾಕಿಕೊಂಡರು. ಪೇಪರಿನ ಮೇಲೆ ಅಂಗಾತ ಮಲಗಿದರು.

“ಅಜ್ಜಾ! ನಾ ಇನ್ನೂ ಹೊಡದ ಇಲ್ಲರೀ!”

“ಹೌದಾ? ಸಾರಿ ಕಣಮ್ಮ. ನೀನು ಬಂದ ತಕ್ಷಣ ಅಂದಿದ್ರು ನಿಮ್ಮಪ್ಪ. ಎದ್ದು ಇನ್ನೊಂದ್ಸಲ ಬೀಳ್ಲಾ?”

ಚಿನತ್ಸು ದಡದಡ ಮನೆಗೆ ಹೋದಳು. ಅಪ್ಪ ಆ ದಿನ ಆಫೀಸಿನಿಂದ ಬೇಗ ಬಂದಿದ್ದ. “ಅಪ್ಪಾ! ಮೋಸ!” ಎಂದು ಬೆರಳು ತೋರಿಸಿದಳು. ಅಪ್ಪ ಎದೆ ಹಿಡಿದುಕೊಂಡು, ಸೋಫಾಕ್ಕೆ ಬಡಿದು, ಉರುಳಿ, ಟೇಬಲ್ಲಿನ ಕೆಳಗೆ ಹೋಗಿ ಬಿದ್ದ.

“ನಿಂದು ಲೆಕ್ಕಕ್ಕಿಲ್ಲ. ನೀ ಒಸಾಕಾದಾಂವ.”

“ನಂಗ ತತ್ತಿ ಕುದಸಾಕೂ ಬರಂಗಿಲ್ಲವಾ,” ಎಂದಿತು ಟೇಬಲ್ಲಿನ ಕೆಳಗಿನ ಹೆಣ. “ಒಬ್ನ ಹೆಂಗಿರ್ಲಿ?”

ಚಿನತ್ಸು ಬ್ಯಾಗನ್ನು ಸೋಫಾದ ಮೇಲೆ ಎಸೆದು ಒಳಗೆ ಹೋದಳು.

ಸ್ಕೂಲಿನಲ್ಲಿ ಸುಮಿರೆಯ ಡೌಟುಗಳು ಮುಗಿದಿರಲಿಲ್ಲ. ಬಿಡುವಿನಲ್ಲಿ ಹತ್ತಿರ ಬಂದು ಕೈ ಎತ್ತುತ್ತಿದ್ದಳು.

“ಬಿದ್ದ್ಮೇಲೆ ಯಾವಾಗ ಏಳ್ಬೇಕು?”

“ಏಳಬೇಕನಿಸಿದಾಗ.”

“ಕಣ್ಣು ಮುಚ್ಚಿರ್ಬೇಕಾ? ಎಡಕ್ಕೆ ಬೀಳ್ಬೇಕಾ, ಬಲಕ್ಕಾ?”

“ಕೇಳಿ ಕೇಳಿ ಬೀಳೂದಲ್ಲ ಅದು!” ಚಿನತ್ಸು ರೇಗಿದಳು. “ಒಸಾಕಾದಾಗ ಸಣ್ಣ ಹುಡುಗ್ರಿಗೂ ಬರತೈತಿ. ನಿಮ್ಮ ಕೈಲೆ ಆಗಂಗಿಲ್ಲ, ಬಿಡು.”

“ಓ,” ಎಂದು ಸುಮಿರೆ ತನ್ನ ಜಾಗಕ್ಕೆ ಹೋಗಿ ಕುಳಿತಳು. ಆಮೇಲೆ ಏನೂ ಕೇಳಲಿಲ್ಲ.

ಮುಂದಿನ ವಾರ ಅವಳ ಬಲ ಮೊಣಕೈಗೆ ಬ್ಯಾಂಡೇಜ್ ಬಂತು.

“ಏನಾತು?”

“ಏನಿಲ್ಲ. ಮನೇಲಿ ಬಿದ್ದೆ.”

ಜುಲೈ ಬಂತು. ಸ್ಕೂಲಿನಲ್ಲಿ ಊಟ ಕೊಡುವ ಕೊನೆಯ ದಿನವೂ ಬಂತು. ಬಡಿಸುವ ಸರದಿ ಸುಮಿರೆಯದು. ಬಿಳಿ ಟೋಪಿ, ಬಿಳಿ ಏಪ್ರನ್ ಹಾಕಿಕೊಂಡು ಸಾರಿನ ಪಾತ್ರೆಯ ಮುಂದೆ ಸೌಟು ಹಿಡಿದು ನಿಂತಿದ್ದಳು. ಮಕ್ಕಳು ಟ್ರೇ ಹಿಡಿದು ಕ್ಯೂ ನಿಂತಿದ್ದರು.

ಚಿನತ್ಸುವಿನ ಸರದಿ ಬಂತು. ನಾಳೆ ಅವ್ವನಿಗೆ ಹೇಳಬೇಕು, ವಾಪಸ್ ಹೋಗೋಣ ಅಂತ. ಹೇಗೂ ಹೋಗುವುದೇ ಆಯಿತು. ಒಂದು ಕೈಯಲ್ಲಿ ಟ್ರೇ ಹಿಡಿದು, ಇನ್ನೊಂದು ಕೈ ಅರ್ಧ ಎತ್ತಿ, ಆಕಳಿಸುವವಳಂತೆ ಅಂದಳು:

“ಢಮ್.”

ಸುಮಿರೆ ಅವಳನ್ನು ನೋಡಿದಳು. ಸೌಟನ್ನು ಕೆಳಗಿಟ್ಟಳು. ಪಾತ್ರೆಯ ಮುಚ್ಚಳ ಮುಚ್ಚಿದಳು. ಏಪ್ರನ್ ಬಿಚ್ಚಿ, ನಾಲ್ಕು ಮಡಿಕೆ ಮಾಡಿ, ಮೇಜಿನ ಮೇಲೆ ಇಟ್ಟಳು. ಸ್ಟೇಷನ್ನಿನಲ್ಲಿ ರೈಲು ಬರುತ್ತಿದೆ ಎಂದು ಹೇಳುವ ಧ್ವನಿಯಲ್ಲಿ, “ಅಯ್ಯೋ. ಗುಂಡು ತಗುಲಿದೆ. ನಾನೀಗ ಬೀಳ್ತೀನಿ,” ಎಂದಳು.

ಬಿದ್ದಳು.

ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿದರು. ಲೀಡರೇ ಬಿದ್ದ ಮೇಲೆ ಏನು ಮಾಡುವುದು? ಕ್ಯೂನಲ್ಲಿ ಚಿನತ್ಸುವಿನ ಹಿಂದೆ ಇದ್ದವನು ಟ್ರೇ ನೆಲಕ್ಕಿಟ್ಟು ಬಿದ್ದ. ಅವನ ಹಿಂದಿನವಳು ಅವನು ಪೂರ್ತಿ ಬೀಳುವವರೆಗೂ ಕಾದು ಬಿದ್ದಳು. ಹೀಗೆ ಒಬ್ಬೊಬ್ಬರಾಗಿ, ಸಾಲು ತಪ್ಪದಂತೆ, ಎಲ್ಲರೂ ಬಿದ್ದರು. ಕೊನೆಯ ಹುಡುಗ ತನ್ನ ಸರದಿ ಬರುವವರೆಗೆ ತಾಳ್ಮೆಯಿಂದ ನಿಂತಿದ್ದ.

ಮಿಸ್ ಬಾಗಿಲಿಗೆ ಬಂದು ನಿಂತರು. “ಏನಿದು?”

ನೆಲದ ಮೇಲಿಂದ ಸುಮಿರೆಯ ಕೈ ಮೇಲೆದ್ದಿತು. “ಮಿಸ್, ಚಿನತ್ಸು ಗುಂಡು ಹೊಡೆದ್ಲು. ನಾವು ಸತ್ತಿದೀವಿ.”

ಚಿನತ್ಸು ಹೊಟ್ಟೆ ಹಿಡಿದುಕೊಂಡು ನಕ್ಕಳು. ಇಷ್ಟು ನಿಧಾನವಾಗಿ, ಇಷ್ಟು ಕೆಟ್ಟದಾಗಿ ಯಾರೂ ಸತ್ತದ್ದನ್ನು ಅವಳು ನೋಡಿರಲಿಲ್ಲ. ಒಸಾಕಾದ ಪೋಸ್ಟ್‌ಮನ್ ನೋಡಿದ್ದರೆ ಅಳುತ್ತಿದ್ದ.

ಸುಮಿರೆ ಎದ್ದು ಬಟ್ಟೆ ಕೊಡವಿಕೊಂಡಳು. ಬಿದ್ದಾಗ ನೆಲಕ್ಕೆ ತಾಗಿದ್ದು ಬಲ ಮೊಣಕೈ. ಅವತ್ತು ಬ್ಯಾಂಡೇಜ್ ಇದ್ದದ್ದೂ ಅದೇ ಮೊಣಕೈಗೆ.

ಚಿನತ್ಸುವಿನ ನಗು ನಿಂತಿತು.

ಸುಮಿರೆ ಏಪ್ರನ್ ಕಟ್ಟಿಕೊಂಡು ಸೌಟು ಎತ್ತಿದಳು. “ಸರಿಯಾಗಿತ್ತಾ?” ಎಂದು ಕೇಳಿದಳು. ಈ ಸಲ ಕೈ ಎತ್ತುವುದನ್ನು ಮರೆತಿದ್ದಳು.

“ಭಾರೀ ಇತ್ತು,” ಎಂದಳು ಚಿನತ್ಸು.

ಸಂಜೆ ಅಪ್ಪನಿಗಾಗಿ ಚಿನತ್ಸು ಸುರಂಗದ ರೈಲು ಸ್ಟೇಷನ್ನಿಗೆ ಇಳಿದು ಹೋಗಿ ಗೇಟಿನ ಹತ್ತಿರ ಕಾದಳು. ಅಪ್ಪ ಬಂದವನೇ ಅವಳ ಮುಖ ನೋಡಿದ.

“ಯಾರರ ಬಿದ್ರೇನು?” ಧ್ವನಿ ಸಣ್ಣದಾಗಿತ್ತು.

“ಒಬ್ಬಾಕಿ ಬಿದ್ಲು. ಉಳದವ್ರು ಕ್ಯೂ ಹಚ್ಚಿ ಬಿದ್ರು.”

“ಹೆಂಗ ಬಿದ್ಲು?”

“ಭಾಳ ಕೆಟ್ಟ.” ಚಿನತ್ಸು ತನ್ನ ಬಲ ಮೊಣಕೈಯನ್ನು ಸವರಿಕೊಂಡಳು.

“ಅಷ್ಟು ಕೆಟ್ಟ ಬಿದ್ರ... ಲೆಕ್ಕಕ್ಕ ಬರತೈತೇನು?”

ಮೇಲೆ ಹೋಗುವ ಎಸ್ಕಲೇಟರ್ ಎದುರಾಯಿತು. ಅಪ್ಪ ಹಳೆಯ ಅಭ್ಯಾಸದಂತೆ ಬಲಕ್ಕೆ ನಿಂತ. ಹಿಂದೆ ಯಾರೋ ಮೆಲ್ಲಗೆ ಕೆಮ್ಮಿದರು.

ಚಿನತ್ಸು ಅವನ ತೋಳು ಹಿಡಿದು ಎಳೆದಳು.

“ಈ ಕಡೆ ಸರದು ನಿಂದರಪ್ಪಾ,” ಎಂದಳು. “ನಾವು ಎಡಕ್ಕ ನಿಂದರಬೇಕು.”