ಕ್ಯಾಸೆಟ್ಟಿನಲ್ಲಿ ಅಮ್ಮ ಇರಲಿಲ್ಲ

ಯಂತ್ರ ತಿರುಗುತ್ತಿತ್ತು. ದನಿ ಮಾತ್ರ ಇಲ್ಲ!

ಗುಬ್ಬಿ ಕಿವಿಯನ್ನು ಯಂತ್ರಕ್ಕೇ ಒತ್ತಿಕೊಂಡಳು. ಸುಂಯ್ ಎಂಬ ಸದ್ದು—ಅಷ್ಟೇ. ಅಮ್ಮ ಸತ್ತಾಗ ಅವಳಿನ್ನೂ ಕೈಗೂಸು. ಫೋಟೋದಲ್ಲಿ ಮುಖ ನೋಡಿದ್ದಳು. ದನಿ ಹೇಗಿತ್ತೆಂದು ಗೊತ್ತೇ ಇರಲಿಲ್ಲ. ಆ ದನಿ ಉಳಿದದ್ದು ಇದೊಂದರಲ್ಲೇ ಎಂದು ನಂಬಿದ್ದಳು—ಹೆಬ್ಬೆರಳುದ್ದದ ಈ ಪುಟಾಣಿ ಕ್ಯಾಸೆಟ್ಟಿನಲ್ಲಿ. ಹಿಂದೆ ಆಫೀಸುಗಳಲ್ಲಿ ಸಾಹೇಬರು ಪತ್ರ ಹೇಳಿ ತುಂಬಿಸುತ್ತಿದ್ದ ಜಾತಿ ಅದು. ಅದನ್ನು ನುಡಿಸುವ ಯಂತ್ರ ತಯಾರಾಗುವುದು ನಿಂತು ಯಾವ ಕಾಲವಾಯಿತೋ! ಹೊಸದು ಬಂದಾಗ ಹಳೆಯದರೊಳಗೆ ಉಳಿದವರ ಗತಿಯೇನೆಂದು ಯಾರಾದರೂ ಕೇಳಿದರೇ? ಚಪ್ಪಲಿ ಸವೆಸಿ ಹುಡುಕಿದ ಮೇಲೆ ರೇಡಿಯೊ ರಿಪೇರಿಯವನ ಬಳಿ ಒಂದು ಸಿಕ್ಕಿತ್ತು. ಸಿಕ್ಕಿ ಏನು ಬಂತು ಮಣ್ಣು!

ಕೆಳಮನೆಗೆ ಓಡಿದಳು. ಅಲ್ಲಿದ್ದವರು ಪೊಲೀಸ್ ಇಲಾಖೆಯಿಂದ ನಿವೃತ್ತರಾದ ಹೆಂಗಸು. ಇಡೀ ಕಟ್ಟಡಕ್ಕೆ ಇನ್‌ಸ್ಪೆಕ್ಟರಮ್ಮ. ಅವರದೂ ಒಂಟಿ ಬಾಳೇ. ಯಾರಾದರೂ ಬಾಗಿಲು ಬಡಿದರೆ ಸಾಕೆಂದು ಕಾದಿದ್ದವರಂತೆ ಒಡನೆ ಹೊರಟು ಬಂದರು.

"ಯಾರೋ ಅಳಿಸಿಬಿಟ್ಟಿದ್ದಾರೆ, ಇನ್‌ಸ್ಪೆಕ್ಟರಮ್ಮ."

"ತಾಳು. ಇದು ಯಾರ್ಯಾರ ಕೈ ದಾಟಿ ಬಂತು?"

"ಸೋದರತ್ತೆ ಟ್ರಂಕಲ್ಲಿ ಇಟ್ಟಿದ್ರು, ಅವರ ಹತ್ರ ಯಂತ್ರ ಇರಲಿಲ್ಲ. ಅವರಿಂದ ಇಸ್ಕೊಂಡು ರಿಪೇರಿಯವನ ಹತ್ರ ಹೋದೆ."

"ಅತ್ತೆಗೂ ನಿಮ್ಮಮ್ಮಂಗೂ ಹೇಗಿತ್ತು?"

"ಎಣ್ಣೆ ಸೀಗೆಕಾಯಿ."

"ರಿಪೇರಿಯವನು?"

"ಹೊಸ ಬೆಲ್ಟ್ ಹಾಕ್ದ. ಪರೀಕ್ಷೆ ಮಾಡ್ತೀನಿ ಅಂತ ಇದನ್ನೇ ಹಾಳು ಮಾಡಿದ್ನೋ ಏನೋ!"

"ನಿಮ್ಮಪ್ಪ?"

ಇಬ್ಬರೂ ತಿರುಗಿ ನೋಡಿದರು. ಅಪ್ಪ ಕಿಟಕಿಯ ಬಳಿ ಬೆನ್ನು ಮಾಡಿ ಕೂತಿದ್ದರು. ಆಫೀಸಿನಲ್ಲಿ ಟೈಪಿಸ್ಟ್ ಆಗಿದ್ದ ಮನುಷ್ಯ. ಬೆರಳು ಆಡಿದಷ್ಟು ನಾಲಗೆ ಆಡಿದ್ದಿಲ್ಲ. ಒಂದೇ ಮನೆಯಲ್ಲಿದ್ದರೂ ತಂದೆ ಮಗಳ ನಡುವೆ ಊಟ ಆಯ್ತಾ, ಬಾಗಿಲು ಹಾಕಿದ್ಯಾ—ಇಷ್ಟೇ ಮಾತು.

"ಅಪ್ಪ ಇದನ್ನ ಮುಟ್ಟೇ ಇಲ್ಲ. ಯಂತ್ರ ಎಲ್ಲೂ ಸಿಗಲ್ಲ, ಹುಡುಕ್ಬೇಡ ಅಂದಿದ್ರು, ಅಷ್ಟೇ."

ಇನ್‌ಸ್ಪೆಕ್ಟರಮ್ಮ ಇಯರ್‌ಫೋನ್ ಸಿಕ್ಕಿಸಿಕೊಂಡು ಕಣ್ಣು ಮುಚ್ಚಿದರು. ಕ್ಯಾಸೆಟ್ ಮುಗಿಯುವ ತನಕ ಅಲುಗಾಡಲಿಲ್ಲ. ಆಮೇಲೆ ಕೇಳಿದ್ದು ಗುಬ್ಬಿಯನ್ನಲ್ಲ.

"ಯಜಮಾನ್ರೇ, ಸಾಹೇಬ್ರ ಪತ್ರ ಟೈಪ್ ಮಾಡಿದ ಮೇಲೆ ಕ್ಯಾಸೆಟ್ ಏನ್ಮಾಡ್ತಿದ್ರಿ?"

"ವಾಪಸ್ ಅವರ ಮೇಜಿಗೆ. ಅದರ ಮೇಲೇ ಇನ್ನೊಂದು ಪತ್ರ ಹೇಳೋರು."

"ಹಳೇದು?"

"ಅಳಿಸ್ಹೋಗೋದು."

"ನಿಮ್ಮ ಹೆಂಡ್ತಿ ದನಿ ಮೇಲೂ ನೀವು ಹಾಗೇ ಇನ್ನೊಂದು ತುಂಬಿದ್ರಿ, ಅಲ್ವಾ?"

ಅಪ್ಪ ತಲೆ ತಗ್ಗಿಸಿದರು.

"ಖಾಲಿ ಅಂತ ನೀನು ಅರ್ಧಕ್ಕೇ ಕೈಬಿಟ್ಟೆ," ಇನ್‌ಸ್ಪೆಕ್ಟರಮ್ಮ ಮೆಲ್ಲಗೆ ಅಂದರು. "ಖಾಲಿ ಅಲ್ಲ ಮಗಾ. ರಿಪೇರಿ ಅಂಗಡೀಲಿ ಅಳಿಸಿದ್ರೆ ರಸ್ತೆ ಗದ್ದಲ ಕೇಳ್ಬೇಕಿತ್ತು. ಅತ್ತೆ ಹತ್ರ ಯಂತ್ರಾನೇ ಇರಲಿಲ್ಲ. ಆ ಸುಂಯ್ ಹಿಂದೆ ಎರಡು ಉಸಿರಿದೆ. ಒಂದು ದೊಡ್ಡವರದ್ದು, ದೂರದಿಂದ. ಇನ್ನೊಂದು ಬೇಗ ಬೇಗ, ಮೈಕಿಗೆ ತೀರಾ ಹತ್ತಿರ—ಹಸುಗೂಸಿಂದು. ಯಾರೋ ಮಲಗಿರೋ ಮಗು ಮುಂದೆ ಯಂತ್ರ ಹಿಡ್ಕೊಂಡು ಕೂತಿದ್ರು. ಆ ಮಗು ನೀನು. ಯಂತ್ರ ಹಿಡಿದವರು ಇವರು."

"ಅಪ್ಪಾ?"

ಅಪ್ಪ ಕುರ್ಚಿ ತಿರುಗಿಸಿ ಅವಳ ಕಡೆ ಕೂತರು.

"ಅವಳು ಕ್ಷಯದ ಆಸ್ಪತ್ರೇಲಿದ್ಲು. ಮಗೂನ ಒಳಗೆ ಬಿಡ್ತಿರಲಿಲ್ಲ. ಆಫೀಸಿಂದ ಎರಡು ಯಂತ್ರ ಕೇಳಿ ತಂದೆ—ಅವಳಿಗೊಂದು, ನನಗೊಂದು. ಕ್ಯಾಸೆಟ್ ಒಂದೇ. ಅವಳು ಮಾತಾಡಿ ಕಳ್ಸೋಳು, ನಾನು ಕೇಳಿ ಅದರ ಮೇಲೇ ಉತ್ತರ ತುಂಬೋನು. ಕಡೇ ಸಲ ಹೇಳಿದ್ಲು—'ನೀವಂತೂ ಸರಿಯಾಗಿ ಬಾಯಿ ಬಿಡಲ್ಲ, ಗುಬ್ಬಿ ಅಳೋದನ್ನಾದ್ರೂ ತುಂಬಿ ಕಳ್ಸಿ.'"

"ಆಮೇಲೆ?"

"ನೀನು ದಿನಾ ಮನೆ ಹಾರಿಹೋಗೋ ಹಾಗೆ ಅಳ್ತಿದ್ದೆ. ಅವತ್ತು ಗುಂಡಿ ಒತ್ತಿ ಕೂತೆ. ಈಗ ಏಳ್ತಾಳೆ, ಈಗ ಏಳ್ತಾಳೆ ಅಂತ... ಕ್ಯಾಸೆಟ್ಟೇ ಮುಗಿದೋಯ್ತು."

"ಎಬ್ಬಿಸ್ಬಾರದಿತ್ತಾ!"

"ಎಷ್ಟು ಚೆನ್ನಾಗಿ ಮಲಗಿದ್ದೆ ಗೊತ್ತಾ? ನಾಳೆ ತುಂಬಿದ್ರಾಯ್ತು ಅಂದ್ಕೊಂಡೆ. ಬೆಳಗ್ಗೆ ಆಸ್ಪತ್ರೆಯಿಂದ ಆಳು ಬಂದ."

ಗುಬ್ಬಿಗೆ ಸಿಟ್ಟು ಉಕ್ಕಿಬಂತು. "ಇಷ್ಟು ವರ್ಷ ಯಾಕೆ ಬಾಯಿ ಬಿಡ್ಲಿಲ್ಲ?"

"ಅದರಲ್ಲಿ ಅಮ್ಮ ಇದ್ದಾಳೆ ಅಂತ ನಿಮ್ಮತ್ತೆ ಹೇಳಿಬಿಟ್ಟಿದ್ಲು. ನಿನ್ನ ಮುಖ ಅರಳಿತ್ತು. ಯಂತ್ರ ಹೇಗೂ ಎಲ್ಲೂ ಸಿಗಲ್ಲ, ಹಾಗೇ ಇರಲಿ ಅಂದ್ಕೊಂಡೆ ಕಣೆ."

ಇನ್‌ಸ್ಪೆಕ್ಟರಮ್ಮ ಸದ್ದಿಲ್ಲದೆ ಎದ್ದು ಹೋದರು. ಅವರ ಕೆಲಸ ಮುಗಿದಿತ್ತು.

ಗುಬ್ಬಿ ಯಂತ್ರವನ್ನು ಎತ್ತಿ ಬದಿಗಿಟ್ಟಳು. ಆಮೇಲೆ ಅಪ್ಪನ ಕುರ್ಚಿಯ ಪಕ್ಕ ನೆಲದ ಮೇಲೆ ಕೂತು ಕೇಳಿದಳು, "ಹೇಗೆ ಹೇಳಿದ್ರು ಅಮ್ಮ? ಅವರು ಹೇಳಿದ ಹಾಗೇ ಹೇಳಿ."

ಅಪ್ಪ ಬಾಯಿ ತೆರೆದರು. "ಗುಬ್ಬಿ ಅಳೋದನ್ನಾದ್ರೂ ತುಂಬಿ ಕಳ್ಸಿ..."

ತಲೆಯಾಡಿಸಿದರು. "ಹೀಗಲ್ಲ."

ದನಿ ಸಣ್ಣ ಮಾಡಿಕೊಂಡು ಇನ್ನೊಮ್ಮೆ ಹೇಳಿ ನೋಡಿದರು.

"ಹೀಗೂ ಅಲ್ಲ ಕಣೆ," ಎಂದು ಮುಖ ಮುಚ್ಚಿಕೊಂಡರು.