ಬಾಟಲಿಯೊಳಗಿನ ಮುಳ್ಳುಹುಳ

ಚಳಿ ಸರಿದು ಬಿಸಿಲು ಬಲಿಯುತ್ತಿತ್ತು. ಅಲಸಂದೆ ಕೊಯ್ಯಲು ಕೂಲಿ ಹೆಂಗಸರು ಬುಟ್ಟಿ ಹಿಡಿದು ಸಾಲಿಗಿಳಿದಿದ್ದರು. ಅಣ್ಣನ ಪಾಲಿನ ಸಾಲಿನಲ್ಲಿ ಕಾಯಿಗೆ ಕೈಹಾಕಿದವಳೊಬ್ಬಳು ಸರಕ್ಕನೆ ಹಿಂದೆಗೆದಳು. ಅಂಟು! ಕುಡಿಗಳೆಲ್ಲ ಮುರುಟಿದ್ದವು, ಕಾಂಡದ ತುಂಬ ರಸ ಹೀರುವ ಕಪ್ಪು ಹೇನು ಮುತ್ತಿತ್ತು.

ಪಕ್ಕದ ಸಾಲುಗಳು ತಮ್ಮನ ಹೆಂಡತಿಯವು. ಬೀಜ ಅವಳ ತವರಿನದು. ಅಲ್ಲಿ ಕುಡಿಗಳು ನೆಟ್ಟಗಿದ್ದವು.

"ನಿನ್ನ ತವರಿನ ದರಿದ್ರ ಬೀಜದ ಜೊತೆಗೇ ಬಂದದ್ದು ಈ ಮುಳ್ಳುಹುಳದ ಪೀಡೆ!" ಅಣ್ಣ ಕೂಲಿಯವರೆದುರೇ ಕೂಗಾಡಿದ. "ಸಾಯಂಕಾಲದೊಳಗೆ ನಿನ್ನ ಗಿಡ ಎಲ್ಲ ಕಿತ್ತು ಹಾಕು."

ಆ ಬೀಜ ತವರಿನಲ್ಲೂ ಈಗ ಉಳಿದಿರಲಿಲ್ಲ. ಬೀಜಕ್ಕೆ ಬಿಟ್ಟ ಕಾಯಿ ಬಲಿಯುವ ಮುಂಚೆ ಗಿಡ ಕಿತ್ತರೆ ತಳಿಯೇ ಹೋದಂತೆ. ಆದರೂ ಅವಳು ಒಂದು ಕಡೆಯಿಂದ ಕೀಳತೊಡಗಿದಳು. ಕೂಲಿಯವರು ಮುಖ ಮುಖ ನೋಡಿಕೊಂಡು ಮನೆಗೆ ಹೋದರು.

ಊಟದ ಹೊತ್ತಿಗೆ ಸೋದರಮಾವ ಬಂದ. ಪೊಲೀಸ್ ದಫೇದಾರನಾಗಿ ನಿವೃತ್ತನಾದವನು. ಈಗ ಕೈತೋಟವೇ ಅವನ ಠಾಣೆ.

"ಏನಪ್ಪಾ, ಮನೆಯೊಳಗೇ ಕಳ್ಳತನವಂತೆ?"

"ಕಳ್ಳ ಸಿಕ್ಕಿದ್ದಾನೆ ಮಾವ." ಅಣ್ಣ ಗಾಜಿನ ಬಾಟಲಿಯೊಂದನ್ನು ತಂದಿಟ್ಟ. ಒಳಗೆ ಮೊಸಳೆ ಮರಿಯಂಥ, ಮೈಯೆಲ್ಲ ಮುಳ್ಳಿನ ಕಪ್ಪು ಹುಳಗಳು. "ತೋಟಗಾರಿಕೆ ಕಚೇರೀಲಿ ತೋರಿಸೋಣ ಅಂತ ಜೀವಂತ ಇಟ್ಟಿದೀನಿ. ಬೆಳಿಗ್ಗೆ ಎದ್ದರೆ ಇದನ್ನ ಹಿಡಿಯೋದೇ ಕೆಲಸ. ನನ್ನ ಸಾಲಲ್ಲಿ ಒಂದನ್ನೂ ಬಿಟ್ಟಿಲ್ಲ."

"ಅವಳ ಸಾಲಲ್ಲಿ?"

"ಬೇಕಾದಷ್ಟಿವೆ. ಅವಳು ಮುಟ್ಟೋದೇ ಇಲ್ಲ!"

"ಇವು ಎಲೆ ತಿಂದದ್ದು ನೀನು ಕಂಡಿದೀಯಾ?"

"ಕಾಣೋದೇನು? ಹೇನಿದ್ದ ಕಡೆಯೇ ಇರ್ತಾವೆ."

"ಜಗಳ ಆದ ಕಡೆಯೆಲ್ಲ ನಾನೂ ಇರ್ತಿದ್ದೆ ಕಣೋ. ಜಗಳ ಮಾಡಿದವನು ನಾನಾ?"

ಮಾವ ಎರಡೂ ಕಡೆಯ ಸಾಲುಗಳಲ್ಲಿ ಅಡ್ಡಾಡಿ ಬಂದ. ಬಾಟಲಿಯನ್ನು ಬೆಳಕಿಗೆ ಹಿಡಿದ. ಗಾಜಿನ ಮೇಲೆ ಕೆಂಪು ಮೈಗೆ ಕಪ್ಪು ಚುಕ್ಕೆಯ ಗುಲಗಂಜಿ ಹುಳವೊಂದು ಹರಿದಾಡುತ್ತಿತ್ತು.

"ಇದನ್ನ ಯಾಕೆ ಹಿಡಿದೆ?"

"ಅದನ್ನ ನಾನು ಹಿಡೀಲಿಲ್ಲವಲ್ಲ..."

"ಮತ್ತೆ ಎಲ್ಲಿಂದ ಬಂತು?" ಮಾವ ಮುಚ್ಚಳ ತಿರುವಿದ. ಅದರ ಅಡಿಯಲ್ಲಿ ಮುಳ್ಳುಹುಳಗಳು ಕೆಲವು ಮುದುರಿ ಅಂಟಿಕೊಂಡಿದ್ದವು. ಒಂದರ ಚಿಪ್ಪು ಬಿರಿದು ಖಾಲಿಯಾಗಿತ್ತು. "ನೋಡು, ಇಲ್ಲೇ ಹುಟ್ಟಿದೆ. ಈ ಮುಳ್ಳುಹುಳ ಅದರ ಮರಿ. ಎರಡೂ ತಿನ್ನೋದು ಹೇನನ್ನ. ನೀನು ಕಳ್ಳ ಅಂದವರು ತುಂಬಿರೋ ಕಡೆ ಕಳ್ಳತನ ಇಲ್ಲ, ಅವರನ್ನ ಗುಡಿಸಿ ಹಾಕಿದ ಕಡೆ ಲೂಟಿ! ಲಾಕಪ್ಪಿಗೆ ಹಾಕಿದ್ದು ಪೊಲೀಸರನ್ನ ಕಣೋ."

"ಹಾಗಾದ್ರೆ... ಬೆಳೆ ಹಾಳು ಮಾಡಿದ್ದು?"

"ನೀನೇ."

ಅಣ್ಣ ಎದ್ದ. ಚಪ್ಪಲಿಯನ್ನೂ ಮೆಟ್ಟದೆ ತೋಟಕ್ಕೆ ನಡೆದ. ಅರ್ಧಕ್ಕಿಂತ ಹೆಚ್ಚು ಗಿಡಗಳು ಆಗಲೇ ನೆಲದಲ್ಲಿ ಬಾಡಿ ಬಿದ್ದಿದ್ದವು.

"ಸಾಕು, ನಿಲ್ಲಿಸಮ್ಮ."

ಅವಳು ಸೊಂಟ ನೆಟ್ಟಗೆ ಮಾಡಿ ನಿಂತಳು. ಅವನು ಕಿತ್ತ ಗಿಡವೊಂದನ್ನೆತ್ತಿ, ಬೆರಳಿನಿಂದ ಗುಣಿ ತೋಡಿ ನೆಟ್ಟ. ಅದು ವಾಲಿ ಮಲಗಿತು. ಇನ್ನೊಂದನ್ನು ನೆಟ್ಟ. ಅದೂ ಮಲಗಿತು. ಅವಳ ಮುಖ ನೋಡಲಾಗದೆ, ಮಣ್ಣು ಮೆತ್ತಿದ ಕೈಗಳನ್ನೇ ನೋಡುತ್ತ ಬಾಯಿ ತೆರೆದ.

"ನನ್ನಿಂದ ದೊಡ್ಡ..."

"ಈಗ ಬೇಡ ಭಾವ," ಎಂದಳು ಅವಳು. "ನಾಳೆ ಕೂಲಿಯವರು ಬರ್ತಾರಲ್ಲ, ಅವರೆದುರು ಹೇಳಿ."