ಸಂಕವ್ವ ಗರುಡನನ್ನು ಕರೆಸಿದ್ದು

ಬಹಳ ಹಿಂದೆ, ಏಳು ಬೆಟ್ಟಗಳಾಚೆ, ಮಣಿಶೃಂಗವೆಂಬ ರಾಜ್ಯವಿತ್ತು. ಅಲ್ಲಿ ಮಾಯೆಯ ಪ್ರಾಣಿಗಳನ್ನು ಯಾರೂ ತಾವೇ ಕಡೆಯುತ್ತಿರಲಿಲ್ಲ. ಹಕ್ಕಿಗಳು ಎದ್ದುಬರುವ ಅಚ್ಚುಗಳೆಲ್ಲ ಪಕ್ಷಿಮನೆಯಲ್ಲಿ, ಮೃಗಗಳ ಅಚ್ಚುಗಳೆಲ್ಲ ಮೃಗಮನೆಯಲ್ಲಿ. ಬೇಕಾದವರು ಗಾಳಿದೂತನಿಗೆ ಹೇಳಿ ತರಿಸಿಕೊಳ್ಳಬೇಕು. ಅವನಂಥ ಇನ್ನೊಬ್ಬ ಮೊಂಡನನ್ನು ದೇವರು ಮಾಡಿಲ್ಲ. ಹೇಳಿದಷ್ಟೇ ಮಾಡುತ್ತಿದ್ದ, ಒಂದೆಳೆ ಹೆಚ್ಚಿಲ್ಲ.

ಆ ರಾಜ್ಯದಲ್ಲಿ ಸಂಕವ್ವ ಎಂಬ ಹುಡುಗಿ ಕೋಳಿ ಸಾಕಿಕೊಂಡಿದ್ದಳು. ಒಂದು ಬೆಳಿಗ್ಗೆ ಧೂಮಾಕ್ಷನೆಂಬ ಮಾಂತ್ರಿಕ ಅವಳ ಅಂಗಳಕ್ಕೇ ಬಂದು, ತನ್ನ ಚಾಕರಿಗೆ ಬರಲೊಲ್ಲೆ ಎಂದ ಅವಳ ತಮ್ಮ ಬೊಮ್ಮನಿಗೆ ಮಾಯಾಸರ್ಪ ಸುತ್ತಿಸಿದ. ಸರ್ಪ ಬಿಗಿಯತೊಡಗಿತು. ಅದನ್ನು ಬಿಡಿಸಬಲ್ಲವನು ಗರುಡನೊಬ್ಬನೇ.

"ಗರುಡನ್ನ ಕರ್ಕೊಂಡು ಬಾರಪ್ಪಾ!" ಎಂದು ಸಂಕವ್ವ ಕೂಗಿದಳು.

ದೂತ ಬಂದು ಕೈಕಟ್ಟಿ ನಿಂತ. "ಯಾವ ಮನೆಯಿಂದ, ತಾಯಿ?"

"ಎಲ್ಲಿರ್ತಾನೋ ಅಲ್ಲಿಂದ!"

"ಹಾಗೆಂಬ ಮನೆ ಯಾವುದೂ ಇಲ್ಲ, ತಾಯಿ."

ಸರ್ಪ ಇನ್ನೊಂದು ಸುತ್ತು ಬಿಗಿಯಿತು. "ಪಕ್ಷಿಮನೆಯಿಂದ ಗರುಡ!" ಎಂದಳು. ದೂತ ಹೋದ ಹಾಗೇ ಬಂದ.

"ಪಕ್ಷಿಮನೆಯಲ್ಲಿ ಗರುಡನಿಲ್ಲ, ತಾಯಿ. ಕೋಳಿಗಳಿವೆ."

ಸಂಕವ್ವನಿಗೆ ತಲೆ ಚಿಟ್ಟು ಹಿಡಿಯಿತು. ಆಮೇಲೆ ಹೊಳೆಯಿತು. ತನ್ನ ಕೋಳಿಗೂಡಿನ ಮೇಲೆ ಜಂಬದಿಂದ ಪಕ್ಷಿಮನೆ ಎಂದು ಸುಣ್ಣದಲ್ಲಿ ಬರೆದವಳು ತಾನೇ! ದೂತನೋ, ಕರೆದವರ ಅಂಗಳವನ್ನೇ ಮೊದಲು ಹುಡುಕುವವನು. ಹೆಸರು ಸಿಕ್ಕಿತೆಂದರೆ ಮುಂದಕ್ಕೆ ಹೋಗುವವನಲ್ಲ.

"ನನ್ ಬುದ್ಧಿಗಿಷ್ಟು ಬೆಂಕಿ ಹಾಕ!" ಎಂದು ಸೆರಗಿನಿಂದ ಆ ಹೆಸರನ್ನು ತಿಕ್ಕಿ ಅಳಿಸಿ, ಮತ್ತೆ ಕೂಗಿದಳು.

ಈ ಸಲ ದೂತ ಮರದ ಅಚ್ಚೊಂದನ್ನು ತಂದು ಅವಳ ಮುಂದಿಟ್ಟ. ಬೊಮ್ಮನ ಮುಖ ನೀಲಿಗಟ್ಟಿತ್ತು. ಧೂಮಾಕ್ಷ ಜಗಲಿಯ ಮೇಲೆ ಕೂತು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ.

"ಹಕ್ಕಿ ಎಲ್ಲೋ?" ಎಂದಳು ಸಂಕವ್ವ.

"ಅಚ್ಚು ತರುವುದಷ್ಟೇ ನನ್ನ ಕೆಲಸ. ಹಕ್ಕಿಯನ್ನು ಎಬ್ಬಿಸುವುದು ತಮ್ಮದು."

"ಮೊದ್ಲೇ ಬೊಗಳೋಕೇನಾಗಿತ್ತೋ ನಿಂಗೆ!"

"ತಾವು ಕೇಳಲಿಲ್ಲ."

ಸಂಕವ್ವ ಹಲ್ಲು ಕಚ್ಚಿ, ಅಚ್ಚನ್ನು ಎರಡು ಅಂಗೈಗಳ ನಡುವೆ ಹಿಡಿದು, "ಏಳೋ ಗರುಡಾ!" ಎಂದು ಚೀರಿದಳು. ಅಚ್ಚಿನಿಂದ ಗರುಡ ಎದ್ದ. ಸರ್ಪವನ್ನು ಕಚ್ಚಿ ಆಕಾಶಕ್ಕೆ ಹಾರಿದ. ಧೂಮಾಕ್ಷ ಓಡಿಬಂದು, ನೇತಾಡುತ್ತಿದ್ದ ಸರ್ಪದ ಬಾಲ ಹಿಡಿದೆಳೆದ. ಬಾಲದ ಜೊತೆ ತಾನೂ ಮೇಲೆ ಹೋದ. ಆಮೇಲೆ ಅವನನ್ನು ಕಂಡವರಿಲ್ಲ.

ಬೊಮ್ಮ ಕೆಮ್ಮಿ, ಉಸಿರೆಳೆದುಕೊಂಡು, "ಇಷ್ಟೊತ್ತು ಏನ್ ಮಾಡ್ತಿದ್ದೆ ಅಕ್ಕಾ?" ಎಂದ.

ಸಂಕವ್ವ ಅವನ ತಲೆಗೊಂದು ಮೊಟಕಿದಳು. ಮರುಕ್ಷಣ ಅವನನ್ನು ತಬ್ಬಿಕೊಂಡು ಗೋಳೋ ಎಂದು ಅತ್ತಳು. ಹೋದ ಜೀವ ಬಂದಂತಾಗಿತ್ತು ಅವಳಿಗೆ. ಅಕ್ಕ ತಮ್ಮ ಇಬ್ಬರೂ ದಿನಕ್ಕೊಂದು ಜಗಳ ಆಡಿಕೊಂಡು ಬಹುಕಾಲ ಸುಖವಾಗಿ ಬಾಳಿದರು.